ಬೆಂಗಳೂರಿನಲ್ಲಿ ಹರಾಜಿನ ಮನೆ, ಸೈಟು, ಜಮೀನು: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳಲ್ಲಿ ಹೆಚ್ಚಿನವು ಬ್ಯಾಂಕುಗಳು ಸರ್ಫೇಸಿ ಕಾಯ್ದೆಯಡಿ, ಅಂದರೆ ಸಾಲ ತೀರದಾಗ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ದಾವೆ ಹಾಕದೆ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನಿನಡಿ, ನಡೆಸುವ ಹರಾಜಿಗೆ ಸಂಬಂಧಿಸಿದವು. ಬೆಂಗಳೂರಿನಲ್ಲಿ ಸಾಮಾನ್ಯ ಜನರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಅವೇ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟು ಮತ್ತು ಕಟ್ಟಡಕ್ಕೆಂದು ಕೊಳ್ಳುವ ಜಮೀನಿನ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

ಹರಾಜು ಎಂದರೆ ಎಲ್ಲ ಒಂದೇ ಅಲ್ಲವೇ?

ಅಲ್ಲ. ಯಾರು ಮಾರುತ್ತಿದ್ದಾರೆ ಎಂಬುದರ ಮೇಲೆ ನಿಯಮವೂ ಹಣ ಕಟ್ಟುವ ಗಡುವೂ ಬದಲಾಗುತ್ತದೆ. ಬ್ಯಾಂಕೇ ನೇರವಾಗಿ ಮಾರಿದರೆ ಅದು 2002ರ ಸರ್ಫೇಸಿ ಕಾಯ್ದೆಯ ಹರಾಜು. ಸಾಲ ವಸೂಲಾತಿ ನ್ಯಾಯಮಂಡಳಿಯ, ಅಂದರೆ ಡಿಆರ್‌ಟಿಯ, ವಸೂಲಾತಿ ಅಧಿಕಾರಿ ಮಾರುವುದು ಬೇರೆ. ಸಿವಿಲ್ ಕೋರ್ಟಿನ ಡಿಕ್ರಿ ಜಾರಿಗೆ ಆಗುವ ಹರಾಜು ಇನ್ನೊಂದು. ದಿವಾಳಿಯಾದ ಕಂಪನಿಯ ಆಸ್ತಿಯನ್ನು ಲಿಕ್ವಿಡೇಟರ್ ಮಾರುತ್ತಾರೆ. ಬಿಡಿಎ, ಗೃಹ ಮಂಡಳಿಗಳು ತಮ್ಮದೇ ಸೈಟುಗಳನ್ನು ಹರಾಜು ಹಾಕುತ್ತವೆ.

ಡಿಆರ್‌ಟಿ ಮತ್ತು ಸಿವಿಲ್ ಕೋರ್ಟ್ ಹರಾಜಿನಲ್ಲಿ ಶೇ. 25ನ್ನು ಅಂದೇ ಕಟ್ಟಿ, ಉಳಿದದ್ದನ್ನು ಹರಾಜಾದ ದಿನದಿಂದ 15 ದಿನದೊಳಗೆ ಕಟ್ಟಬೇಕು. ಇವೆರಡರಲ್ಲೂ ಮಾರಾಟ ಕೂಡಲೇ ಸ್ಥಿರವಾಗುವುದಿಲ್ಲ. ಸಾಲಗಾರ ನಿಗದಿತ ಅವಧಿಯೊಳಗೆ ಬಾಕಿ ಹಣದ ಜೊತೆ ಖರೀದಿದಾರನಿಗೆ ಶೇ. 5 ಪರಿಹಾರ ಠೇವಣಿ ಇಟ್ಟು ಹರಾಜು ರದ್ದು ಮಾಡಿಸಬಹುದು. ಲಿಕ್ವಿಡೇಟರ್ ಹರಾಜಿನಲ್ಲಿ ಬಾಕಿ ಕಟ್ಟಲು 90 ದಿನ ಇರುತ್ತದೆ. ಆದರೆ 30 ದಿನ ದಾಟಿದ ಮೇಲೆ ಶೇ. 12ರ ಬಡ್ಡಿ ಸೇರುತ್ತದೆ.

ಮಾರುಕಟ್ಟೆಗಿಂತ ಅಗ್ಗಕ್ಕೆ ಸಿಗುತ್ತದೆ ಅನ್ನುವುದು ನಿಜವೇ?

ಕೆಲವೊಮ್ಮೆ. ಖಾಲಿಯಾಗಿ ಬೀಗ ಹಾಕಿರುವ, ಎ ಖಾತಾ (ಪಾಲಿಕೆಯ ಲೆಕ್ಕದಲ್ಲಿ ಕ್ರಮಬದ್ಧ ಆಸ್ತಿ) ಇರುವ, ಒಳ್ಳೆಯ ಏರಿಯಾದ ಫ್ಲ್ಯಾಟಿಗೆ ಹತ್ತು ಜನ ಬಿಡ್ ಮಾಡುತ್ತಾರೆ. ಕೊನೆಗೆ ಅದು ಮಾರುಕಟ್ಟೆ ಬೆಲೆಗೇ ಬಂದು ನಿಲ್ಲುತ್ತದೆ. ನಿಜವಾಗಿ ಅಗ್ಗಕ್ಕೆ ಹೋಗುವುದು ಒಳಗೆ ಜನ ಇರುವ, ಕೇಸು ಇರುವ ಅಥವಾ ಕಾಗದದಲ್ಲಿ ತೊಡಕಿರುವ ಆಸ್ತಿ. ಅಂದರೆ ಬಿಟ್ಟುಕೊಟ್ಟ ಆ ಬೆಲೆ ಮುಂದಿನ ಓಡಾಟ, ವಕೀಲರ ಫೀಸು ಮತ್ತು ಕಾಯುವ ತಿಂಗಳುಗಳಿಗೆ ಸಿಕ್ಕ ಕೂಲಿ. ಆ ಕೂಲಿ ಸಾಕೇ ಎಂಬ ಲೆಕ್ಕವನ್ನು ಠೇವಣಿ ಕಟ್ಟುವ ಮೊದಲೇ ಹಾಕಿಕೊಳ್ಳಬೇಕು.

ಒಂದೇ ಆಸ್ತಿ ಮೂರ್ನಾಲ್ಕು ಸಲ ಹರಾಜಿಗೆ ಬಂದು, ಪ್ರತಿ ಸಲವೂ ಮೀಸಲು ಬೆಲೆ, ಅಂದರೆ ಬಿಡ್ ಶುರುವಾಗುವ ಕನಿಷ್ಠ ಬೆಲೆ, ಇಳಿಯುತ್ತಿದ್ದರೆ ಖುಷಿಪಡುವ ಮೊದಲು ಹಿಂದಿನವರು ಯಾಕೆ ಕೈಬಿಟ್ಟರು ಎಂದು ಹುಡುಕಿ.

ನೋಟಿಸಿನಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದೆ. ಹಾಗೆಂದರೇನು?

ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ, ಅಷ್ಟೆ. ಮನೆಯೊಳಗೆ ಸಾಲಗಾರನೋ ಬಾಡಿಗೆಯವರೋ ಇನ್ನೂ ಇದ್ದಾರೆ. ಭೌತಿಕ ಸ್ವಾಧೀನ ಎಂದಿದ್ದರೆ ಮಾತ್ರ ಕೀಲಿ ಬ್ಯಾಂಕಿನ ಬಳಿ ಇದೆ ಎಂದರ್ಥ. ನೋಟಿಸಿನಲ್ಲಿ ಬೆಲೆಗಿಂತ ಮೊದಲು ಓದಬೇಕಾದ ಸಾಲು ಇದೇ.

ಸಾಂಕೇತಿಕ ಸ್ವಾಧೀನದಲ್ಲಿರುವ ಆಸ್ತಿಯನ್ನು ಖಾಲಿ ಮಾಡಿಸಲು ಬ್ಯಾಂಕು ಕಾಯ್ದೆಯ ಸೆಕ್ಷನ್ 14ರಡಿ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಆದೇಶಕ್ಕೆ ಕಾನೂನಿನಲ್ಲಿ 30 ದಿನ, ಕಾರಣ ಬರೆದರೆ ಒಟ್ಟು 60 ದಿನದ ಮಿತಿ ಇದೆ. ನಿಜದಲ್ಲಿ ಆದೇಶ ಬರುವುದು, ಸ್ವಾಧೀನ ತೆಗೆದುಕೊಳ್ಳುವ ಕೋರ್ಟ್ ಕಮಿಷನರ್ ನೇಮಕ, ಪೊಲೀಸ್ ಬಂದೋಬಸ್ತಿಗೆ ದಿನ ಸಿಗುವುದು ಎಲ್ಲ ಸೇರಿ ತಿಂಗಳುಗಟ್ಟಲೆ ಎಳೆಯುತ್ತದೆ. ಆದ್ದರಿಂದ ಬಿಡ್ ಮಾಡುವ ಮೊದಲು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಮೂರು ಪ್ರಶ್ನೆಗಳನ್ನು ಇಮೇಲಿನಲ್ಲಿ ಕೇಳಿ: ಸೆಕ್ಷನ್ 14ರ ಅರ್ಜಿ ಹಾಕಿದೆಯೇ? ಆದೇಶ ಆಗಿದೆಯೇ? ಪೂರ್ತಿ ಹಣ ಕಟ್ಟಿದ ಮೇಲೆ ಭೌತಿಕ ಸ್ವಾಧೀನ ಕೊಡಿಸುವ ಹೊಣೆ ಬ್ಯಾಂಕಿನದೋ ನಮ್ಮದೋ? ‘ನೋಡೋಣ ಸಾರ್, ಮಾಡಿಸಿಕೊಡ್ತೀವಿ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ.

ಒಳಗೆ ಲೀಸಿನವರಿದ್ದಾರೆ, 15 ಲಕ್ಷ ಕೊಟ್ಟಿದ್ದೇವೆ ಅನ್ನುತ್ತಾರೆ. ಏನು ಮಾಡುವುದು?

ಬೆಂಗಳೂರಿಗೇ ವಿಶೇಷವಾದ ತಲೆನೋವು ಇದು. ಮಾಲೀಕ ಮನೆ ಅಡವಿಟ್ಟು ಸಾಲ ತೆಗೆದಿರುತ್ತಾನೆ. ಕಂತು ಕಟ್ಟಲಾಗದೆ ಅದೇ ಮನೆಯನ್ನು ಇನ್ನೊಬ್ಬರಿಗೆ ಲೀಸಿಗೆ ಕೊಟ್ಟು ಇಡಿಗಂಟು ಪಡೆದಿರುತ್ತಾನೆ. ಬ್ಯಾಂಕು ಬಂದಾಗ ಆ ಕುಟುಂಬ ದುಡ್ಡು ವಾಪಸ್ ಬರುವವರೆಗೆ ಕದಲುವುದಿಲ್ಲ ಎನ್ನುತ್ತದೆ. ಅವರ ಸಂಕಟ ನಿಜವಾದದ್ದೇ.

ಕಾನೂನು ನೋಡುವುದು ದಿನಾಂಕವನ್ನು. ಅಡಮಾನಕ್ಕಿಂತ ಮೊದಲೇ ನೋಂದಣಿಯಾದ ಲೀಸ್ ಕರಾರು ಇದ್ದರೆ ಅದರ ಅವಧಿ ಮುಗಿಯುವವರೆಗೆ ಅವರಿಗೆ ಬಲವಿರುತ್ತದೆ. ಬ್ಯಾಂಕಿನ 60 ದಿನದ ಬೇಡಿಕೆ ನೋಟಿಸ್ ತಲುಪಿದ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಕೊಟ್ಟ ಲೀಸಿಗೆ ಸೆಕ್ಷನ್ 13(13) ಅಡ್ಡ ಬರುತ್ತದೆ. ನಮ್ಮಲ್ಲಿ ಬಹುಪಾಲು ಲೀಸು ಛಾಪಾ ಕಾಗದದಲ್ಲಿ ಬರೆದಿಟ್ಟ, ನೋಂದಣಿಯಾಗದ ಕರಾರು. ಕೋರ್ಟಿನಲ್ಲಿ ಅದಕ್ಕೆ ಹೆಚ್ಚು ಬಲವಿಲ್ಲ, ಆದರೆ ನಿಮ್ಮ ಸಮಯ ತಿನ್ನುವುದಕ್ಕೆ ಅಷ್ಟು ಸಾಕು. ಸ್ಥಳಕ್ಕೆ ಹೋದಾಗ ಒಳಗಿರುವವರ ಜೊತೆ ಸಮಾಧಾನವಾಗಿ ಮಾತಾಡಿ, ಕರಾರಿನ ದಿನಾಂಕ ಕೇಳಿ. ಸ್ವಲ್ಪ ಹಣ ಕೊಟ್ಟು ಮಾತುಕತೆಯಲ್ಲಿ ಖಾಲಿ ಮಾಡಿಸುವುದು ಎಷ್ಟೋ ಸಲ ಎರಡು ವರ್ಷದ ಕೇಸಿಗಿಂತ ಅಗ್ಗ. ಆ ಮೊತ್ತವನ್ನೂ ಬಿಡ್ಡಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬ್ಯಾಂಕಿನವರು ಕ್ರಮವಾಗಿಯೇ ನಡೆದುಕೊಂಡಿದ್ದಾರೆಂದು ನಮಗೆ ಹೇಗೆ ಗೊತ್ತಾಗುತ್ತದೆ?

ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೆಕ್ಷನ್ 13(2)ರ ಬೇಡಿಕೆ ನೋಟಿಸಿಗೂ 13(4)ರ ಸ್ವಾಧೀನಕ್ಕೂ ನಡುವೆ 60 ದಿನ ಕಳೆದಿರಬೇಕು. ಮೊದಲ ಸಲದ ಹರಾಜಾದರೆ ಮಾರಾಟ ನೋಟಿಸಿಗೂ ಹರಾಜಿನ ದಿನಕ್ಕೂ 30 ದಿನದ ಅಂತರ ಬೇಕು. ಮೊದಲನೆಯದು ವಿಫಲವಾಗಿ ಮತ್ತೆ ಕರೆದಿದ್ದರೆ 15 ದಿನ ಸಾಕು. ಸ್ವಾಧೀನದ ನೋಟಿಸ್ ಎರಡು ಪತ್ರಿಕೆಗಳಲ್ಲಿ ಬಂದಿರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದು, ಇಲ್ಲಿಯ ಮಟ್ಟಿಗೆ ಕನ್ನಡದ್ದು.

ಇದು ಬ್ಯಾಂಕಿನ ತಲೆನೋವು ಎಂದು ಬಿಡುವಂತಿಲ್ಲ. ಈ ದಿನಗಳಲ್ಲಿ ಒಂದೆರಡು ಕಡಿಮೆಯಾದರೂ, ಜಾಮೀನುದಾರರಲ್ಲಿ ಒಬ್ಬರಿಗೆ ನೋಟಿಸ್ ತಲುಪದಿದ್ದರೂ ಸಾಲಗಾರನ ವಕೀಲರು ಮೊದಲು ಹಿಡಿಯುವುದು ಅದನ್ನೇ. ಡಿಆರ್‌ಟಿ ಹರಾಜನ್ನೇ ರದ್ದು ಮಾಡಿದರೆ ನಿಮ್ಮ ಹಣ ವಾಪಸ್ ಬರಬಹುದು. ಅಷ್ಟು ಕಾಲದ ಬಡ್ಡಿ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ.

ಮನೆ ಅಥವಾ ಫ್ಲ್ಯಾಟಿಗೆ ಯಾವ ಯಾವ ಕಾಗದ ನೋಡಬೇಕು?

ಬ್ಯಾಂಕು ಸಾಲ ಕೊಟ್ಟಿದೆ, ಆದ್ದರಿಂದ ಟೈಟಲ್ ಸರಿಯಿದೆ ಎಂಬ ನಂಬಿಕೆ ಬೇಡ. ಬ್ಯಾಂಕು ಮಾರುವುದು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನ ಮೇಲೆ. ಶಾಖೆಗೆ ಹೋಗಿ ಮೂಲ ಪತ್ರಗಳ ನಕಲು ಮತ್ತು ಬ್ಯಾಂಕಿನ ವಕೀಲರ ಟೈಟಲ್ ವರದಿ ಕೇಳಿ. ವರದಿ ಕೊಡದಿದ್ದರೂ ಕೂತು ಓದಲು ಬಿಡುವ ಅಧಿಕಾರಿಗಳಿದ್ದಾರೆ.

ಇಸಿಯನ್ನು (ಋಣಭಾರ ಪ್ರಮಾಣಪತ್ರ) ನೀವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ತೆಗೆಯಿರಿ, ಕನಿಷ್ಠ 30 ವರ್ಷದ್ದು. ಗಣಕೀಕರಣಕ್ಕಿಂತ ಹಿಂದಿನ ವರ್ಷಗಳಿಗೆ ಆ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಬೇಕಾಗುತ್ತದೆ. ಇಸಿಯಲ್ಲಿ ಕಾಣದ ಅಡಮಾನವೂ ಇರಬಹುದು. ಪತ್ರಗಳನ್ನು ಒಪ್ಪಿಸಿ ಮಾಡಿದ ಅಡಮಾನ ಎಷ್ಟೋ ಸಲ ನೋಂದಣಿಯಾಗಿರುವುದಿಲ್ಲ. ಅದಕ್ಕೆ ಬ್ಯಾಂಕುಗಳ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿಯಾದ ಸರ್ಸಾಯಿ (CERSAI) ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಹುಡುಕಿ. ಒಂದೇ ಫ್ಲ್ಯಾಟಿನ ಮೇಲೆ ಎರಡು ಬ್ಯಾಂಕುಗಳ ಸಾಲ ಇದ್ದರೆ ಸಾಮಾನ್ಯವಾಗಿ ಅಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಕೇಸುಗಳು. ಇ-ಕೋರ್ಟ್ಸ್ ತಾಣದಲ್ಲಿ ಬೆಂಗಳೂರು ಸಿಟಿ ಸಿವಿಲ್ ಕೋರ್ಟ್, ಹೈಕೋರ್ಟ್ ಎರಡರಲ್ಲೂ ಸಾಲಗಾರ, ಜಾಮೀನುದಾರ, ಹಿಂದಿನ ಮಾಲೀಕರ ಹೆಸರು ಹಾಕಿ ಹುಡುಕಿ. ಡಿಆರ್‌ಟಿಯ ತಾಣವನ್ನೂ ಬಿಡಬೇಡಿ. ಬೆಂಗಳೂರಿನಲ್ಲಿ ಎರಡು ಡಿಆರ್‌ಟಿಗಳಿವೆ, ಎರಡರಲ್ಲೂ ನೋಡಬೇಕು. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ನಾಲ್ಕೈದು ರೀತಿ ಬರೆದು ಹುಡುಕುವುದು ಒಳ್ಳೆಯದು. ಮುಖ್ಯವಾಗಿ ಹುಡುಕಬೇಕಾದದ್ದು ವಿಭಾಗದ ದಾವೆ: ಅಡಮಾನಕ್ಕೆ ಸಹಿ ಹಾಕದ ಅಣ್ಣ, ತಂಗಿ, ಮಗಳು ಯಾರಾದರೂ ಪಾಲು ಕೇಳಿದ್ದಾರೆಯೇ?

ಕೊನೆಗೆ ಚಕ್ಕುಬಂದಿ. ನೋಟಿಸಿನ ನಾಲ್ಕು ದಿಕ್ಕಿನ ವಿವರ, ಅಳತೆ ಮತ್ತು ನಂಬರನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಿಂತು ಹೊಂದಿಸಿ. ನೋಟಿಸಿನಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದಿದ್ದು, ಅಲ್ಲಿ ಪಕ್ಕದವರ ಗೋಡೆ ಇದ್ದರೆ ಬ್ಯಾಂಕಿನವರನ್ನೇ ಕರೆದು ತೋರಿಸಲು ಹೇಳಿ. ಫ್ಲ್ಯಾಟಾದರೆ ನೆಲದಲ್ಲಿರುವ ಅವಿಭಜಿತ ಪಾಲು ಎಷ್ಟು ಚದರಡಿ, ಕಾರು ನಿಲ್ಲಿಸುವ ಜಾಗ ಕ್ರಯಪತ್ರದಲ್ಲಿ ಬರೆದಿದೆಯೇ ಎಂದು ನೋಡಿ.

ಬಿ ಖಾತಾ ಆಸ್ತಿಗೆ ಬಿಡ್ ಮಾಡಬಹುದೇ?

ಮಾಡಬಹುದು, ಬೆಲೆ ಅದಕ್ಕೆ ತಕ್ಕಂತೆ ಇದ್ದರೆ. ಬಿ ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಂಡರೂ ಪಾಲಿಕೆ ಕ್ರಮಬದ್ಧವೆಂದು ಒಪ್ಪದ ಆಸ್ತಿ. ಮುಂದೆ ನೀವು ಮಾರುವಾಗ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕುಗಳು ಕಡಿಮೆ, ನಕ್ಷೆ ಮಂಜೂರಾತಿಗೂ ತೊಡಕು. ಖಾತಾ ಯಾವುದೇ ಇರಲಿ, 2024ರ ಅಕ್ಟೋಬರಿನಿಂದ ನಗರದ ವ್ಯಾಪ್ತಿಯಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ರೂಪ, ಕಡ್ಡಾಯ. ಸಾಲಗಾರನ ಹೆಸರಿನಲ್ಲಿ ಇ-ಖಾತಾ ಆಗಿಲ್ಲದಿದ್ದರೆ ಅದನ್ನು ಯಾರು ಮಾಡಿಸಬೇಕು ಎಂದು ಬ್ಯಾಂಕಿನಿಂದ ಮೊದಲೇ ಬರೆಸಿಕೊಳ್ಳಿ. ಮುನಿಸಿಕೊಂಡ ಸಾಲಗಾರ ಬಂದು ಆಧಾರ್ ದೃಢೀಕರಣ ಮಾಡಿಕೊಡುತ್ತಾನೆಂದು ಕಾಯುವುದು ಮೂರ್ಖತನ.

ಹಳೆಯ ಕರೆಂಟು, ನೀರು, ಕಂದಾಯ, ಮೇಂಟೆನೆನ್ಸ್ ಬಾಕಿ ಯಾರ ತಲೆಗೆ?

ನಿಮ್ಮ ತಲೆಗೆ ಎಂದೇ ಲೆಕ್ಕ ಹಾಕಿ. ಹರಾಜಿನಲ್ಲಿ ಕೊಂಡ ಆಸ್ತಿಯ ಹಿಂದಿನ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಲು ವಿದ್ಯುತ್ ಕಂಪನಿಗೆ ನಿಯಮದಡಿ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2023ರ ಕೆ.ಸಿ. ನಿನಾನ್ ಪ್ರಕರಣದಲ್ಲಿ ಹೇಳಿದೆ. ಬೆಸ್ಕಾಂ ಮತ್ತು ಜಲಮಂಡಳಿಯ ಆರ್‌ಆರ್ ನಂಬರುಗಳನ್ನು ಮೀಟರಿನ ಮೇಲಿಂದಲೇ ಬರೆದುಕೊಂಡರೆ ಬಾಕಿ ಎಷ್ಟೆಂದು ಆನ್‌ಲೈನಿನಲ್ಲಿ ನೋಡಬಹುದು. ಆಸ್ತಿ ತೆರಿಗೆಗೆ ಪಿಐಡಿ ನಂಬರ್ (ಆಸ್ತಿಯ ಗುರುತಿನ ಸಂಖ್ಯೆ) ಬೇಕು.

ಅಪಾರ್ಟ್‌ಮೆಂಟಾದರೆ ಸಂಘದ ಕಾರ್ಯದರ್ಶಿಯನ್ನು ಕಂಡು ಮಾತಾಡಿ. ಕಂತು ನಿಲ್ಲಿಸಿದವರು ಸಾಮಾನ್ಯವಾಗಿ ಮೇಂಟೆನೆನ್ಸನ್ನೂ ನಿಲ್ಲಿಸಿರುತ್ತಾರೆ. ಮೂರು ವರ್ಷದ ಬಾಕಿ, ಅದರ ಮೇಲಿನ ಬಡ್ಡಿ ಸೇರಿದರೆ ಮೊತ್ತ ಲಕ್ಷಗಳಿಗೆ ಹೋಗುತ್ತದೆ.

ಠೇವಣಿ ಎಷ್ಟು, ಎಲ್ಲಿ ಕಟ್ಟುವುದು?

ಇಎಂಡಿ, ಅಂದರೆ ಬಿಡ್ ಮಾಡುವ ಮೊದಲು ಕಟ್ಟುವ ಠೇವಣಿ, ಸಾಮಾನ್ಯವಾಗಿ ಮೀಸಲು ಬೆಲೆಯ ಶೇ. 10. ಸರ್ಕಾರಿ ಬ್ಯಾಂಕುಗಳ ಆಸ್ತಿಗಳು ಈಗ ಬ್ಯಾಂಕ್‌ನೆಟ್ ಪೋರ್ಟಲಿನಲ್ಲಿ ಬರುತ್ತವೆ. ಖಾಸಗಿ ಬ್ಯಾಂಕು, ಫೈನಾನ್ಸ್ ಕಂಪನಿಗಳು ಬೇರೆ ಹರಾಜು ಸಂಸ್ಥೆಗಳನ್ನು ಬಳಸುತ್ತವೆ. ನೋಂದಣಿ, ಕೆವೈಸಿ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಯಾರ ಹೆಸರಿನಲ್ಲಿ ಬಿಡ್ ಮಾಡುತ್ತೀರೋ ಅವರ ಹೆಸರಿಗೇ ಸೇಲ್ ಸರ್ಟಿಫಿಕೇಟ್, ಅಂದರೆ ಹರಾಜಿನ ಖರೀದಿಗೆ ಬ್ಯಾಂಕು ಕೊಡುವ ಮಾರಾಟ ಪತ್ರ, ಬರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿಗೂ ಬೇಕೆಂದರೆ ಮೊದಲೇ ಜಂಟಿಯಾಗಿ ಅರ್ಜಿ ಹಾಕಿ. ಗೆದ್ದ ಮೇಲೆ ‘ಮನೆಯವರ ಹೆಸರೂ ಸೇರಿಸಿ’ ಎಂದರೆ ಬ್ಯಾಂಕುಗಳು ಒಪ್ಪುವುದಿಲ್ಲ. ಬಿಡ್ ಸಿಗದವರ ಠೇವಣಿ ಬಡ್ಡಿಯಿಲ್ಲದೆ ವಾಪಸಾಗುತ್ತದೆ.

ಹರಾಜಿನ ದಿನ ಏನೇನು ಗಮನಿಸಬೇಕು?

ಹೆಚ್ಚಿನ ಇ-ಹರಾಜುಗಳಲ್ಲಿ ಕೊನೆಯ ಕೆಲವು ನಿಮಿಷಗಳಲ್ಲಿ ಬಿಡ್ ಬಿದ್ದರೆ ಸಮಯ ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಬಹಳ ಕಡೆ ಐದು ನಿಮಿಷ. ಹಾಗಾಗಿ ಕೊನೆಯ ಸೆಕೆಂಡಿಗೆ ಕಾದು ಹೊಡೆಯುವ ಚಾಣಾಕ್ಷತನಕ್ಕೆ ಇಲ್ಲಿ ಜಾಗವಿಲ್ಲ. ನಿಮ್ಮ ಗರಿಷ್ಠ ಮೊತ್ತವನ್ನು ಮುಂಚೆಯೇ ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಮೊತ್ತ ಟೈಪ್ ಮಾಡಿದ ಮೇಲೆ ಸೊನ್ನೆಗಳನ್ನು ಎಣಿಸಿ, ಆಮೇಲೆ ಒತ್ತಿ. ಒಬ್ಬರೇ ಬಿಡ್ಡುದಾರರಿದ್ದಾಗ ಮೀಸಲು ಬೆಲೆಯ ಮೇಲೆ ಕನಿಷ್ಠ ಒಂದು ಹೆಚ್ಚಳವನ್ನಾದರೂ ಹಾಕಬೇಕೆಂಬ ಷರತ್ತು ಬಹಳ ನೋಟಿಸುಗಳಲ್ಲಿ ಇರುತ್ತದೆ.

ಗೆದ್ದ ಮೇಲೆ ಹಣದ ಲೆಕ್ಕ ಹೇಗೆ?

ಮೀಸಲು ಬೆಲೆ 80 ಲಕ್ಷದ ಫ್ಲ್ಯಾಟು 92 ಲಕ್ಷಕ್ಕೆ ನಿಮಗೆ ಬಂತು ಎನ್ನಿ. ಠೇವಣಿಯಾಗಿ 8 ಲಕ್ಷ ಆಗಲೇ ಕಟ್ಟಿದ್ದೀರಿ. ಒಟ್ಟು ಬೆಲೆಯ ಶೇ. 25 ಎಂದರೆ 23 ಲಕ್ಷ. ಉಳಿದ 15 ಲಕ್ಷವನ್ನು ಅಂದೇ ಅಥವಾ ಹೆಚ್ಚೆಂದರೆ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಬಾಕಿ 69 ಲಕ್ಷಕ್ಕೆ ಮಾರಾಟ ಸ್ಥಿರೀಕರಣವಾದ ದಿನದಿಂದ 15 ದಿನ. ಲಿಖಿತ ಒಪ್ಪಿಗೆಯಿಂದ ಇದನ್ನು ವಿಸ್ತರಿಸಬಹುದು, ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ವಿಸ್ತರಣೆ ನಿಮ್ಮ ಹಕ್ಕಲ್ಲ. ಹದಿನೈದನೇ ದಿನ ಹೋಗಿ ಕೇಳಬೇಡಿ, ಹತ್ತನೇ ದಿನದೊಳಗೆ ಪತ್ರ ಕೊಟ್ಟು ಉತ್ತರ ಪಡೆಯಿರಿ.

ಇದರ ಮೇಲೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 4,60,000. ಆ ಶುಲ್ಕದ ಮೇಲೆ ಶೇ. 10 ಸೆಸ್ 46,000, ಶೇ. 2 ಸರ್‌ಚಾರ್ಜ್ 9,200. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ, ಹಾಗಾಗಿ 1,84,000. ಒಟ್ಟು 6,99,200 ರೂಪಾಯಿ. ಹಳೆಯ ಬಾಕಿಗಳು, ರಿಪೇರಿ ಬೇರೆ. ಬೀಗ ಹಾಕಿ ಎರಡು ಮಳೆಗಾಲ ಕಳೆದ ಫ್ಲ್ಯಾಟಿನಲ್ಲಿ ಕನಿಷ್ಠ ಬಾತ್‌ರೂಮಿನ ಸೋರಿಕೆ, ವೈರಿಂಗು, ಗೆದ್ದಲು ಹಿಡಿದ ಬಾಗಿಲು ಇದ್ದೇ ಇರುತ್ತವೆ.

ಇದಕ್ಕೆ ಹೋಮ್ ಲೋನ್ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಗಡಿಯಾರ ನಿಮ್ಮ ವಿರುದ್ಧ ಓಡುತ್ತಿರುತ್ತದೆ. ಹೊಸ ಅರ್ಜಿ ಹಾಕಿ, ಕಾನೂನು ಪರಿಶೀಲನೆ, ಮೌಲ್ಯಮಾಪನ ಮುಗಿಸಿ 15 ದಿನದಲ್ಲಿ ಹಣ ಬಿಡುಗಡೆಯಾಗುವುದು ಅಪರೂಪ. ಹರಾಜಿಗೆ ಮೊದಲೇ ಮಂಜೂರಾತಿ ಮಾಡಿಸಿಟ್ಟುಕೊಳ್ಳಿ. ಮಾರುತ್ತಿರುವ ಬ್ಯಾಂಕಿನಲ್ಲೇ ಕೇಳುವುದು ಸುಲಭದ ದಾರಿ, ಅವರ ಬಳಿ ಕಾಗದಗಳೆಲ್ಲ ಇರುತ್ತವೆ. ಸಾಂಕೇತಿಕ ಸ್ವಾಧೀನದ ಆಸ್ತಿಗೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ಶೇ. 25ನ್ನಂತೂ ಕೈಯಿಂದಲೇ ಹಾಕಬೇಕು.

ಟಿಡಿಎಸ್ ನಾವು ಕಡಿಯಬೇಕೇ?

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಟಿಡಿಎಸ್ ಎಂದು, ಅಂದರೆ ಮಾರುವವರ ಆದಾಯ ತೆರಿಗೆಯ ಲೆಕ್ಕಕ್ಕೆ, ಶೇ. 1 ಕಡಿದು ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ 92,000. ಇಲ್ಲಿ ಜನ ಎಡವುವ ಜಾಗ ಎರಡು. ಒಂದು, ಚಲನ್ ಹೋಗಬೇಕಾದದ್ದು ಸಾಮಾನ್ಯವಾಗಿ ಆಸ್ತಿಯ ಮಾಲೀಕನ, ಅಂದರೆ ಸಾಲಗಾರನ ಪ್ಯಾನಿಗೆ. ನೋಟಿಸಿನಲ್ಲಿ ಪ್ಯಾನ್ ಇರುವುದಿಲ್ಲ, ಬ್ಯಾಂಕಿನಿಂದ ಕೇಳಿ ಪಡೆಯಬೇಕು. ಮಾಲೀಕರು ಇಬ್ಬರಿದ್ದರೆ ಇಬ್ಬರದೂ ಬೇಕು. ಆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ದರ ಶೇ. 20ಕ್ಕೆ ಜಿಗಿಯುತ್ತದೆ. ಎರಡು, ನೀವು ಶೇ. 1 ಕಡಿದು 99 ಪಾಲು ಕಟ್ಟಿದಾಗ ಕೆಲವು ಶಾಖೆಗಳು ‘ಪೂರ್ತಿ ಹಣ ಬಂದಿಲ್ಲ’ ಎಂದು ತಕರಾರು ತೆಗೆಯುತ್ತವೆ. ಟಿಡಿಎಸ್ ಬಿಡ್ ಮೊತ್ತದ ಒಳಗೋ ಹೊರಗೋ ಎಂಬುದು ಷರತ್ತುಗಳಲ್ಲಿ ಸ್ಪಷ್ಟವಿಲ್ಲದಿದ್ದರೆ ಹರಾಜಿಗೆ ಮೊದಲೇ ಲಿಖಿತ ಉತ್ತರ ತೆಗೆದುಕೊಳ್ಳಿ. ಮಾಲೀಕ ವಿದೇಶದಲ್ಲಿ ನೆಲೆಸಿದವನಾದರೆ ದರವೇ ಬೇರೆ, ಆಡಿಟರನ್ನು ಕೇಳದೆ ಮುಂದುವರಿಯಬೇಡಿ.

ಗಡುವಿನೊಳಗೆ ಹಣ ಹೊಂದಿಸಲಾಗದಿದ್ದರೆ?

ಕಟ್ಟಿದ ಶೇ. 25 ಹೋಯಿತು. ಬ್ಯಾಂಕಿಗೆ ನಷ್ಟವೇನೂ ಆಗಿಲ್ಲ, ಮರು ಹರಾಜಿನಲ್ಲಿ ಹೆಚ್ಚೇ ಬಂತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಷಣ್ಮುಗವೇಲು ಪ್ರಕರಣದಲ್ಲಿ ಒಪ್ಪಲಿಲ್ಲ. ಪೂರ್ತಿ 25ನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು ಎಂದಿತು.

ಹರಾಜಾದ ಮೇಲೆ ಸಾಲಗಾರ ಬಂದು ಹಣ ಕಟ್ಟಿ ಬಿಡಿಸಿಕೊಂಡರೆ?

ಸರ್ಫೇಸಿ ಹರಾಜಿನಲ್ಲಿ ಈ ಭಯ ಮೊದಲಿನಷ್ಟಿಲ್ಲ. ಹರಾಜು ನೋಟಿಸ್ ಪ್ರಕಟವಾಗುವವರೆಗೆ ಮಾತ್ರ ಬಿಡಿಸಿಕೊಳ್ಳುವ ಹಕ್ಕಿದೆ ಎಂದು 2023ರ ಸೆಲಿರ್ ವಿರುದ್ಧ ಬಫ್ನಾ ಮೋಟಾರ್ಸ್ ತೀರ್ಪು ಹೇಳುತ್ತದೆ. ಆದರೆ ಸೆಕ್ಷನ್ 17ರಡಿ ಬ್ಯಾಂಕಿನ ಕ್ರಮವನ್ನು 45 ದಿನದೊಳಗೆ ಡಿಆರ್‌ಟಿಯಲ್ಲಿ ಪ್ರಶ್ನಿಸಲು ಅವನಿಗೆ ದಾರಿ ಇದ್ದೇ ಇದೆ. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ. ಬಿಡ್ ಗೆದ್ದ ಕೂಡಲೇ ವಕೀಲರ ಮೂಲಕ ಕೇವಿಯಟ್ (ಮುನ್ನೆಚ್ಚರಿಕೆಯ ಅರ್ಜಿ) ಹಾಕಿಸಿ, ನಿಮ್ಮನ್ನು ಕೇಳದೆ ತಡೆಯಾಜ್ಞೆ ಆಗುವುದು ತಪ್ಪಬಹುದು. ಇದರ ಖರ್ಚು ಆಸ್ತಿಯ ಬೆಲೆಯ ಮುಂದೆ ಏನೂ ಅಲ್ಲ.

ಸೇಲ್ ಸರ್ಟಿಫಿಕೇಟನ್ನು ನೋಂದಾಯಿಸಬೇಕೇ?

ಅಧಿಕೃತ ಅಧಿಕಾರಿ ಅದರ ಪ್ರತಿಯನ್ನು ಸಬ್ ರಿಜಿಸ್ಟ್ರಾರಿಗೆ ಕಳುಹಿಸಿ ದಾಖಲಿಸಿದರೆ ಸಾಕು ಎಂಬ ವಾದಕ್ಕೆ ಸುಪ್ರೀಂ ಕೋರ್ಟಿನ ತೀರ್ಪುಗಳ ಬೆಂಬಲವಿದೆ. ಆದರೂ ಬೆಂಗಳೂರಿನಲ್ಲಿ ಮುದ್ರಾಂಕ ಕಟ್ಟಿ ನೋಂದಣಿ ಮಾಡಿಸಿಕೊಳ್ಳಿ ಎಂಬುದೇ ನಮ್ಮ ಸಲಹೆ. ಇಸಿಯಲ್ಲಿ ನಿಮ್ಮ ಹೆಸರು ಬರಬೇಕು, ಇ-ಖಾತಾ ಬದಲಾಗಬೇಕು, ನಾಳೆ ಸಾಲ ಬೇಕಾಗಬಹುದು. ಕಚೇರಿಯ ಕೌಂಟರಿನಲ್ಲಿ ತೀರ್ಪು ಓದಿ ಹೇಳಿ ಗೆದ್ದವರು ಕಡಿಮೆ. ಸರ್ಟಿಫಿಕೇಟ್ ಕೈಗೆ ಬಂದಾಗ ಷೆಡ್ಯೂಲಿನ ಒಂದೊಂದು ಅಳತೆಯನ್ನೂ ಮೂಲ ಕ್ರಯಪತ್ರದ ಜೊತೆ ತಾಳೆ ನೋಡಿ, ತಪ್ಪಿದ್ದರೆ ನೋಂದಣಿಗೆ ಮೊದಲೇ ತಿದ್ದಿಸಿ. ಮೂಲ ಪತ್ರಗಳನ್ನು ಪಟ್ಟಿಯೊಂದಿಗೆ ಸಹಿ ಪಡೆದು ತೆಗೆದುಕೊಳ್ಳಿ.

ಬಿಡಿಎ ಮೂಲೆ ಸೈಟಿನ ಹರಾಜು ಇದಕ್ಕಿಂತ ಸುರಕ್ಷಿತವೇ?

ಟೈಟಲ್ ದೃಷ್ಟಿಯಿಂದ ಹೌದು. ಮಾರುವುದು ಪ್ರಾಧಿಕಾರವೇ, ಒಳಗೆ ಸಾಲಗಾರನ ಸಂಸಾರವಿಲ್ಲ. ಆದರೆ ಅಗ್ಗದ ಮಾಲಲ್ಲ, ಪೈಪೋಟಿ ಜೋರು. ಬಿಡ್ ಚದರ ಮೀಟರ್ ಲೆಕ್ಕದಲ್ಲಿ ನಡೆಯುವುದರಿಂದ ಚದರಡಿಯಲ್ಲೇ ಯೋಚಿಸುವವರು ಮುಗ್ಗರಿಸುತ್ತಾರೆ. 30×40 ಸೈಟು ಎಂದರೆ 111.48 ಚದರ ಮೀಟರ್. ಮೀಟರಿಗೆ 1,20,000 ಎಂದರೆ ಸೈಟಿಗೆ 1,33,77,600 ರೂಪಾಯಿ. ಮೀಟರಿಗೆ 500 ರೂಪಾಯಿಯ ಒಂದು ಹೆಚ್ಚಳ ಒತ್ತಿದರೆ ಸೈಟಿನ ಬೆಲೆಗೆ 55,740 ಸೇರಿತು. ಹತ್ತು ಸಲ ಒತ್ತುವುದಕ್ಕೆ ಹತ್ತು ನಿಮಿಷ ಸಾಕು. ಮೂಲೆ ಸೈಟುಗಳಲ್ಲಿ ಅಳತೆ ಓರೆಕೋರೆ ಇರುವುದು ಮಾಮೂಲು, ಹಾಗಾಗಿ ಪಟ್ಟಿಯಲ್ಲಿರುವ ನಿಖರ ವಿಸ್ತೀರ್ಣವನ್ನೇ ಗುಣಿಸಿ.

ಪ್ರಾಧಿಕಾರದ್ದೆಂದು ಕಣ್ಣುಮುಚ್ಚಿಕೊಳ್ಳಬೇಡಿ. ಅರ್ಕಾವತಿ ಬಡಾವಣೆಯ ಭೂಸ್ವಾಧೀನದ ವ್ಯಾಜ್ಯ ಎಷ್ಟು ವರ್ಷ ಎಳೆಯಿತೆಂಬುದು ಊರಿಗೇ ಗೊತ್ತು. ಸ್ಥಳಕ್ಕೆ ಹೋಗಿ ಸೈಟಿನ ಮೇಲೆ ಶೆಡ್ಡೋ, ಗುಡಿಯೋ, ಹೈಟೆನ್ಷನ್ ತಂತಿಯೋ ಇದೆಯೇ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ.

ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಕಟ್ಟಲು ಹರಾಜಿನ ಜಮೀನು ಕೊಳ್ಳುವಾಗ ಬೇರೆ ಏನು ನೋಡಬೇಕು?

ಮೊದಲ ಪ್ರಶ್ನೆ, ಆ ಜಮೀನನ್ನು ಸರ್ಫೇಸಿಯಡಿ ಮಾರುವ ಅಧಿಕಾರ ಬ್ಯಾಂಕಿಗೆ ಇದೆಯೇ ಎಂಬುದು. ಕೃಷಿ ಭೂಮಿ ಸೆಕ್ಷನ್ 31(ಐ) ಪ್ರಕಾರ ಕಾಯ್ದೆಯ ಹೊರಗಿದೆ. ದೇವನಹಳ್ಳಿ, ಆನೇಕಲ್, ಹೊಸಕೋಟೆ ಕಡೆಯ ನೋಟಿಸುಗಳಲ್ಲಿ ‘ಪರಿವರ್ತಿತ ಜಮೀನು’ ಎಂದು ಬರೆದಿದ್ದರೆ ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶವನ್ನೇ ಕೇಳಿ. ಸರ್ವೆ ನಂಬರಿನ ಎಷ್ಟು ಗುಂಟೆಗೆ, ಯಾವ ಉದ್ದೇಶಕ್ಕೆ ಆದೇಶವಾಗಿದೆ ನೋಡಿ. ಎರಡೆಕರೆ ಅಡಮಾನವಿದ್ದು ಒಂದೆಕರೆಗೆ ಮಾತ್ರ ಪರಿವರ್ತನೆಯಾಗಿದ್ದರೆ ಉಳಿದ ಎಕರೆಯ ಹರಾಜು ಗಾಳಿಯಲ್ಲಿ ತೂಗಾಡುತ್ತದೆ.

ಎರಡನೆಯದು, ಅದು ಸರ್ಕಾರದಿಂದ ಮಂಜೂರಾದ ಜಮೀನೇ ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಹಿಂದೆಂದೋ ಆದ ಪರಭಾರೆಯೂ ಬಿದ್ದುಹೋಗಬಹುದು. 2023ರ ತಿದ್ದುಪಡಿಯ ನಂತರ ಅರ್ಜಿಗೆ ಕಾಲಮಿತಿಯ ತಡೆಯೂ ಇಲ್ಲ. ಇತ್ತೀಚಿನ ಪಹಣಿ ನೋಡಿದರೆ ಇದು ತಿಳಿಯುವುದಿಲ್ಲ. ತಾಲ್ಲೂಕು ಕಚೇರಿಯಿಂದ ಹಳೆಯ ಪಹಣಿ, ಮ್ಯುಟೇಷನ್, ಮಂಜೂರಾತಿ ರಿಜಿಸ್ಟರಿನ ನಕಲು ತೆಗೆಸಬೇಕು. ಪಿಟಿಸಿಎಲ್ ಸಂಶಯವಿರುವ ಜಮೀನನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ ಎಂದೇ ಹೇಳುತ್ತೇವೆ.

ಮೂರನೆಯದು, ಕಟ್ಟಲು ಸಿಗುವ ನಿಜವಾದ ಜಾಗ. 2 ಎಕರೆ 10 ಗುಂಟೆ ಎಂದರೆ 90 ಗುಂಟೆ, 98,010 ಚದರಡಿ. ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ದಾಖಲೆ) ತೆಗೆದಾಗ 6 ಗುಂಟೆ ‘ಬಿ’ ಖರಾಬು ಕಂಡಿತು ಎನ್ನಿ. ಅದು ಸಾರ್ವಜನಿಕರದ್ದು, ನಿಮ್ಮದಲ್ಲ. ಉಳಿದದ್ದು 91,476 ಚದರಡಿ. ಪಕ್ಕದಲ್ಲಿ ರಾಜಕಾಲುವೆ ಇದ್ದರೆ 2015ರ ಪರಿಷ್ಕೃತ ಮಹಾಯೋಜನೆಯಂತೆ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಮೀಸಲು ಪ್ರದೇಶ, ಕಾಲುವೆಯ ನಡುವಿನಿಂದ ಅಳೆದು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಬದಲಿಸಿ ಹೊಸ ಅಂತರ ಗೊತ್ತು ಮಾಡಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ದ್ವಿತೀಯ ಕಾಲುವೆ ಜಮೀನಿನ ಅಂಚಿನಲ್ಲಿ 60 ಮೀಟರ್ ಉದ್ದಕ್ಕೆ ಹರಿದರೆ 1,500 ಚದರ ಮೀಟರಿನವರೆಗೆ, ಅಂದರೆ ಸುಮಾರು 15 ಗುಂಟೆಯಲ್ಲಿ ಕಟ್ಟುವಂತಿಲ್ಲ. ಈಗ ನೀರಿಲ್ಲ, ಮುಚ್ಚಿಹೋಗಿದೆ ಎಂಬುದು ಲೆಕ್ಕಕ್ಕಿಲ್ಲ. ಗ್ರಾಮ ನಕ್ಷೆಯಲ್ಲಿ ಗೆರೆ ಇದ್ದರೆ ಇದೆ. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಜಮೀನಿನಲ್ಲಿ ನಡೆದರೆ ಮೊದಲ ಅಂದಾಜು ಸಿಗುತ್ತದೆ. ಪಕ್ಕಾ ಆಗಬೇಕೆಂದರೆ ಪರವಾನಗಿ ಇರುವ ಸರ್ವೆಯರ್ ಬೇಕು.

ದಾರಿಯನ್ನು ಮರೆಯಬೇಡಿ. ಎಷ್ಟು ಅಂತಸ್ತು, ಎಷ್ಟು ಎಫ್‌ಎಆರ್ (ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) ಎಂಬುದು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಬಂಡಿದಾರಿಯಲ್ಲಿ ಓಡಾಡಿಕೊಂಡಿದ್ದೇವೆ ಎಂಬುದು ನಕ್ಷೆ ಮಂಜೂರಾತಿಗೆ ಸಾಲದು. ಬಿಡಿಎಯ ಪ್ರಾಥಮಿಕ, ಅಂತಿಮ ಅಧಿಸೂಚನೆ, ಕೆಐಎಡಿಬಿಯ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) 28(1), 28(4) ಭೂಸ್ವಾಧೀನ ಅಧಿಸೂಚನೆಗಳಲ್ಲಿ ಆ ಸರ್ವೆ ನಂಬರ್ ಇದೆಯೇ ಎಂದೂ ಹುಡುಕಿಸಿ. ಪೋಡಿ ಆಗದ, ಅಂದರೆ ಅಳತೆ ಮಾಡಿ ಭಾಗಗಳನ್ನು ಬೇರ್ಪಡಿಸದ, ಜಂಟಿ ಸರ್ವೆ ನಂಬರಾದರೆ ನಿಮ್ಮ ಭಾಗ ಯಾವ ಮೂಲೆಯಲ್ಲಿದೆ ಎಂಬುದೇ ಮುಂದಿನ ಜಗಳ.

ಅರ್ಧ ಕಟ್ಟಿ ನಿಂತ ಯೋಜನೆ ಹರಾಜಿಗೆ ಬಂದಿದೆ, ಮುಗಿಸಿ ಮಾರಬಹುದಲ್ಲವೇ?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ತಾಣದಲ್ಲಿ ಎಷ್ಟು ಫ್ಲ್ಯಾಟ್ ಬುಕ್ ಆಗಿವೆ, ದೂರುಗಳೆಷ್ಟು ಎಂದು ಮೊದಲು ನೋಡಿ. ಮುಂಗಡ ಕೊಟ್ಟ ಗ್ರಾಹಕರ ಹಕ್ಕು ಬ್ಯಾಂಕು ಮಾರಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಜಮೀನಿನ ಮಾಲೀಕರ ಜೊತೆ ಜಂಟಿ ಅಭಿವೃದ್ಧಿ ಕರಾರು ಇದ್ದರೆ ಬಿಲ್ಡರ್ ಅಡವಿಟ್ಟಿರುವುದು ತನ್ನ ಪಾಲನ್ನು ಮಾತ್ರ, ಯಾವ ಫ್ಲ್ಯಾಟುಗಳು ಅವನವು ಎಂಬ ಹಂಚಿಕೆ ಪತ್ರ ಬೇಕೇ ಬೇಕು. ಸರಳುಗಳು ಮಳೆಗೆ ವರ್ಷಗಟ್ಟಲೆ ತೆರೆದುಕೊಂಡಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷೆ ಮಾಡದೆ ಖರ್ಚಿನ ಅಂದಾಜು ಹಾಕಲಾಗದು. ಹೊಸಬರ ಕೆಲಸವಲ್ಲ ಇದು.

ಏಜೆಂಟರು ‘ಬ್ಯಾಂಕಿನಲ್ಲಿ ನಮ್ಮವರಿದ್ದಾರೆ, ಕಡಿಮೆಗೆ ಮಾಡಿಸಿಕೊಡ್ತೀವಿ’ ಅನ್ನುತ್ತಾರೆ. ನಂಬಬಹುದೇ?

ಹರಾಜಿನ ಹಣ ಹೋಗಬೇಕಾದದ್ದು ನೋಟಿಸಿನಲ್ಲಿ ಅಚ್ಚಾದ ಬ್ಯಾಂಕಿನ ಖಾತೆಗೆ ಅಥವಾ ಪೋರ್ಟಲಿನ ವ್ಯಾಲೆಟ್ಟಿಗೆ. ಇನ್ಯಾರದೋ ಯುಪಿಐಗೆ ಹಾಕಿ ಎಂದ ಕೂಡಲೇ ಮಾತು ಮುಗಿಸಿ. ಕಾಗದ ಓಡಾಡಿಸುವುದಕ್ಕೆ ಫೀಸು ಕೊಡುವುದು ಬೇರೆ ವಿಷಯ, ಅದಕ್ಕೂ ರಸೀದಿ ಕೇಳಿ.

ಕೀಲಿ ಕೊಡುವ ದಿನ ಏನು ಮಾಡಬೇಕು?

ಬ್ಯಾಂಕಿನ ಅಧಿಕಾರಿಯ ಸಮ್ಮುಖದಲ್ಲಿ ಮಹಜರು ಬರೆಸಿ, ಕೋಣೆ ಕೋಣೆಯ ವಿಡಿಯೊ ಮಾಡಿ. ಹಳೆಯ ಮಾಲೀಕರ ಬೀರು, ದೇವರ ಪಟ, ಮಕ್ಕಳ ಮಾರ್ಕ್ಸ್‌ಕಾರ್ಡ್ ಒಳಗೇ ಇರುವುದುಂಟು. ಅವನ್ನು ಎಸೆಯಬೇಡಿ, ಪಟ್ಟಿ ಮಾಡಿ ಬ್ಯಾಂಕಿನ ವಶಕ್ಕೆ ಕೊಟ್ಟು ಸಹಿ ಪಡೆಯಿರಿ. ಇಲ್ಲದಿದ್ದರೆ ಬಂಗಾರ ಇತ್ತು, ಕಳುವಾಯಿತು ಎಂಬ ದೂರು ನಿಮ್ಮ ಮೇಲೆ ಬರುತ್ತದೆ. ಹಳೆಯ ಬೀಗದ ಬದಲು ಹೊಸದು ಹಾಕಿಸಿ, ಬೆಸ್ಕಾಂ ಮತ್ತು ಜಲಮಂಡಳಿ ಮೀಟರಿನ ರೀಡಿಂಗ್ ಫೋಟೊ ತೆಗೆದುಕೊಳ್ಳಿ. ಸಂಘದ ಕಚೇರಿಗೂ ಗೇಟಿನ ಸೆಕ್ಯುರಿಟಿಗೂ ಸೇಲ್ ಸರ್ಟಿಫಿಕೇಟಿನ ಪ್ರತಿ ಕೊಡಿ. ಅದೇ ವಾರ ಆಸ್ತಿ ತೆರಿಗೆ ನಿಮ್ಮ ಹೆಸರಿನ ಖಾತೆಯಲ್ಲಿ ಕಟ್ಟಲು ಬೇಕಾದ ಇ-ಖಾತಾ ವರ್ಗಾವಣೆಯ ಅರ್ಜಿ ಹಾಕಿ. ಮನೆ ಖಾಲಿ ಬಿಡುವುದಾದರೆ ಮೊದಲ ಕೆಲವು ತಿಂಗಳು ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ಬಾಗಿಲು ತೆರೆದು ನೋಡಿ ಬರುವಂತೆ ಏರ್ಪಾಡು ಮಾಡಿ.